ಉದ್ದನೆಯ ನಳಿಕೆಯಿಂದ ಹೊಡೆತ ದೂರ ಹೋಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಮಿನೆಸೋಟಾದಲ್ಲಿದ್ದಾನೆ. ಗೆಳೆಯರು ಅವನನ್ನು ಕಾಡುಬಾತುಗಳ ಬೇಟೆಗೆ ಕರೆದಿದ್ದಾರೆ. 12 ಬೋರಿನ ಬಂದೂಕು ಕೊಳ್ಳಲು ಹೊರಟಿದ್ದಾನೆ. ಅಂಗಡಿಯಲ್ಲಿ 26, 28, 30 ಇಂಚಿನ ನಳಿಕೆಗಳಿವೆಯಂತೆ. ನಮ್ಮ ಅಜ್ಜನ ಜೋಡುನಳಿಕೆ 30 ಇಂಚಿನದು. ನಳಿಕೆ ಉದ್ದವಿದ್ದಷ್ಟೂ ಹೊಡೆತ ದೂರ ಎನ್ನುತ್ತಿದ್ದರು ಅಜ್ಜ. ತಮ್ಮನಿಗೆ ಏನು ಹೇಳಲಿ? (ಓದುಗರು, ರಾಣೆಬೆನ್ನೂರು)

ಉತ್ತರ: ಹುಬ್ಬಳ್ಳಿಯ ನನ್ನ ದುರಸ್ತಿ ಅಂಗಡಿಗೆ ಬಂದೂಕು ತಂದ ರೈತರು ಇದೇ ಮಾತನ್ನು ಹೇಳುತ್ತಿದ್ದರು. ಕರಿಮದ್ದಿನ ಕಾಲಕ್ಕೆ ಅದು ನಿಜವೇ ಆಗಿತ್ತು. ಆ ಮದ್ದು ನಿಧಾನವಾಗಿ ಉರಿಯುತ್ತಿತ್ತು, ಚರೆಗೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳಿಗೆ, ಪೂರ್ತಿ ವೇಗ ಸಿಗಲು ಉದ್ದನೆಯ ನಳಿಕೆ ಬೇಕಿತ್ತು. ಈಗಿನ ಹೊಗೆರಹಿತ ಮದ್ದು ನಳಿಕೆಯ ಮೊದಲ ಭಾಗದಲ್ಲೇ ಬಹುತೇಕ ಉರಿದು ಮುಗಿಯುತ್ತದೆ. ಒಂದು ಇಂಚು ಹೆಚ್ಚಾದರೆ ವೇಗ ಏರುವುದು ಸೆಕೆಂಡಿಗೆ ಸುಮಾರು 5ರಿಂದ 10 ಅಡಿ ಮಾತ್ರ. ಸೆಕೆಂಡಿಗೆ 1,400 ಅಡಿ ವೇಗದ ತೋಟಾದಲ್ಲಿ ಅದು ಲೆಕ್ಕಕ್ಕಿಲ್ಲ. ಚರೆ ಎಷ್ಟು ದೂರದವರೆಗೆ ಒತ್ತಾಗಿ ಹೋಗಬೇಕೆಂಬುದನ್ನು ನಿರ್ಧರಿಸುವುದು ನಳಿಕೆಯ ತುದಿಯಲ್ಲಿರುವ ಚೋಕ್, ಅಂದರೆ ಬಾಯಿಯ ಬಿಗಿತ.

ಹಾಗಾದರೆ ಉದ್ದಕ್ಕೆ ಏನು ಕೆಲಸ? ಹಾರುವ ಹಕ್ಕಿಯ ಜೊತೆ ಬಂದೂಕನ್ನು ತಿರುಗಿಸುತ್ತಲೇ ಕುದುರೆ (ಟ್ರಿಗರ್) ಎಳೆಯಬೇಕು. ಹೊಸಬರ ಕೈ ಗುಂಡು ಹಾರಿಸುವ ಕ್ಷಣಕ್ಕೆ ನಿಂತುಬಿಡುತ್ತದೆ, ಚರೆ ಹಕ್ಕಿಯ ಬಾಲದ ಹಿಂದೆ ಹೋಗುತ್ತದೆ. ನಳಿಕೆ ಉದ್ದವಾಗಿ ಮುಂದೆ ಸ್ವಲ್ಪ ತೂಕವಿದ್ದರೆ ಆ ತಿರುಗುವಿಕೆ ನಡುವೆ ನಿಲ್ಲುವುದಿಲ್ಲ. ಆದ್ದರಿಂದ ನನ್ನ ಆಯ್ಕೆ 28 ಇಂಚು. ಜೊಂಡಿನ ನಡುವೆ, ಇಕ್ಕಟ್ಟಾದ ಮರೆಯಲ್ಲಿ ಅಥವಾ ಸಣ್ಣ ದೋಣಿಯಲ್ಲಿ ಕೂರುವುದಾದರೆ 26 ಸಾಕು. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳದೇ ಇರಬಹುದು: ಅರೆ-ಸ್ವಯಂಚಾಲಿತ ಬಂದೂಕಿನಲ್ಲಿ ತೋಟಾ ಏರಿಸುವ ಯಂತ್ರಭಾಗವೇ ಸುಮಾರು 4 ಇಂಚು ಹೆಚ್ಚು ಉದ್ದ. ಅಂಥ 26 ಇಂಚಿನದು ಒಟ್ಟು ಉದ್ದದಲ್ಲಿ ನಿಮ್ಮ ಅಜ್ಜನ 30 ಇಂಚಿನ ಜೋಡುನಳಿಕೆಯ ಹತ್ತಿರಕ್ಕೇ ಬರುತ್ತದೆ.

ಇಂಚಿಗಿಂತ ಮುಖ್ಯ, ಬಂದೂಕು ಅವನ ಮೈಗೆ ಹೊಂದುವುದು. ಮಿನೆಸೋಟಾದ ಚಳಿಯಲ್ಲಿ ಹಾಕುವ ದಪ್ಪ ಕೋಟನ್ನೇ ತೊಟ್ಟು ಅಂಗಡಿಗೆ ಹೋಗಲಿ. ಬಂದೂಕು ಖಾಲಿಯಿದೆ ಎಂದು ಮೊದಲು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ, ಹೆಗಲಿಗೇರಿಸಿ, ಕೆನ್ನೆಯನ್ನು ಬಂದೂಕಿನ ಹಿಂಬದಿಯ ಮರದ ಹಿಡಿಗೆ ಒತ್ತಿ ಕಣ್ಣು ತೆರೆಯಲಿ. ನಳಿಕೆಯ ತುದಿಯ ಗುರಿಮಣಿ ನೇರವಾಗಿ ಕಂಡರೆ ಅದು ಅವನ ಬಂದೂಕು. ಆ ಹಿಡಿ ಕೋಟಿಗೆ ಸಿಕ್ಕಿಕೊಂಡರೆ, ತಲೆಯನ್ನು ಎತ್ತಿ ಹುಡುಕಬೇಕಾಗಿ ಬಂದರೆ, ಎಷ್ಟೇ ಅಗ್ಗವಾದರೂ ಬೇಡ. ಕೊಂಡ ಮೇಲೆ ಬೇಟೆಗೆ ಮುಂಚೆ 40 ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆಯಲಿ. ಚರೆಗಳು ಹೆಚ್ಚು ಬಿದ್ದ ಕಡೆ 30 ಇಂಚು ಅಗಲದ ವೃತ್ತ ಎಳೆದು ತೂತುಗಳನ್ನು ಎಣಿಸಲಿ. ಎಲ್ಲೆಲ್ಲಿ ಖಾಲಿ ಉಳಿದಿದೆ ಎಂಬುದು ಆಗ ಕಾಣುತ್ತದೆ. ಅಂಥ ಖಾಲಿಯಲ್ಲಿ ಗಾಯಗೊಂಡು ಜೊಂಡಿನೊಳಗೆ ಸಾಯಲು ಹೋಗುವ ಹಕ್ಕಿಯ ವಿಚಾರ ನನ್ನ ಮನಸ್ಸಿಗೆ ತುಂಬ ನೋವಿನದು. ದೂರದ ಹಕ್ಕಿಗೆ ಹೊಡೆಯದಿರುವುದನ್ನು ಅವನು ಮೊದಲು ಕಲಿಯಬೇಕು.

ಅಮೆರಿಕದಲ್ಲಿ ನೀರುಹಕ್ಕಿಗಳಿಗೆ ಸೀಸದ ಚರೆ ಬಳಸುವಂತಿಲ್ಲ. 1991ರಿಂದ ದೇಶವಿಡೀ ನಿಷೇಧವಿದೆ. ಕೆರೆಯ ತಳದಲ್ಲಿ ಬಿದ್ದ ಸೀಸವನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತಿದ್ದವು. ಅದರ ಬದಲು ಬಳಸುವ ಉಕ್ಕಿನ ಚರೆ ಗಟ್ಟಿ, ಹೆಚ್ಚು ಬಿಗಿಯಾದ ಚೋಕ್ ಬೇಡ. ಹಳೆಯ ನಳಿಕೆಯಲ್ಲಿ ಅದನ್ನು ಹಾರಿಸಲೇಬಾರದು. ಬೇಟೆಯ ಪರವಾನಗಿಯ ಜೊತೆ ಕೇಂದ್ರ ಸರ್ಕಾರದ ಬಾತು ಸ್ಟ್ಯಾಂಪ್ (ಬೇಟೆಗಾರರು ಹಣ ಕೊಟ್ಟು ಕೊಳ್ಳಬೇಕಾದ ಚೀಟಿ) ಕೂಡ ಬೇಕು, ಬಂದೂಕಿನಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ.

ರಜೆಗೆ ಊರಿಗೆ ಬಂದಾಗ ಈ ಉಮೇದನ್ನು ಅವನು ಇಲ್ಲಿಗೆ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಹಕ್ಕಿ ಬೇಟೆ ಅಪರಾಧ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ದುರ್ಬೀನಿನಲ್ಲಿ ನೋಡಲಿ.

ಪ್ರಶ್ನೆ: ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿಯ ಬಂದೂಕು ಇದೆ. ಗೋವಿನಜೋಳದ ಹೊಲದಲ್ಲಿ ಓಡಾಡಲು ನಳಿಕೆ ಉದ್ದವಾಗುತ್ತದೆ. ಕತ್ತರಿಸಿ ಸಣ್ಣದು ಮಾಡಬಹುದೇ? (ಓದುಗರು, ಹಾನಗಲ್)

ಉತ್ತರ: ಬೇಡ. ಪರವಾನಗಿಯಿಲ್ಲದೆ ನಳಿಕೆ ಮೊಟಕುಗೊಳಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ನಿಷೇಧಿಸುತ್ತದೆ. ಅಲ್ಲದೆ ಚೋಕ್ ಇರುವುದು ತುದಿಯಲ್ಲೇ. ಅದನ್ನು ಗರಗಸದಿಂದ ತೆಗೆದರೆ ಚರೆ ಬೇಗ ಚದುರುತ್ತದೆ. ಓಡಾಡುವಾಗ ತೋಟಾ ತೆಗೆದು, ಬಂದೂಕನ್ನು ನಡುವೆ ಮಡಚಿ ತೆರೆದು ತೋಳಿನ ಮೇಲೆ ಹಾಕಿಕೊಳ್ಳಿ.