‘ನೆಬ್ಯುಲಸ್’ ಎಂದರೆ ಎಂಥ ಅಸ್ಪಷ್ಟ?

ಪ್ರಶ್ನೆ: ನಾನು ಬರೆದುಕೊಟ್ಟ ಯೋಜನೆಯ ಮೇಲೆ ಮೇಲಧಿಕಾರಿ ‘ಟೂ ನೆಬ್ಯುಲಸ್’ ಎಂದು ಷರಾ ಬರೆದಿದ್ದಾರೆ. ನಿಘಂಟಿನಲ್ಲಿ ‘ಅಸ್ಪಷ್ಟ’ ಎಂದಿದೆ. ‘ವೇಗ್’, ‘ಆಂಬಿಗ್ಯುಯಸ್’ ಪದಗಳಿಗೂ ಅದೇ ಅರ್ಥ ಕೊಟ್ಟಿದ್ದಾರೆ. ಮೂರೂ ಒಂದೇನಾ? ನಾನು ಏನನ್ನು ಸರಿಪಡಿಸಬೇಕು?

ಉತ್ತರ: ಒಂದೇ ಅಲ್ಲ. ಮೂರಕ್ಕೂ ಒಂದೇ ಪದ ಕೊಟ್ಟು ಸುಮ್ಮನಾಗುವ ನಿಘಂಟುಗಳಿಂದ ಕಲಿಯುವವರಿಗೆ ತುಂಬಾ ತೊಂದರೆ.

ಲ್ಯಾಟಿನ್‌ನಲ್ಲಿ ‘ನೆಬ್ಯುಲಾ’ ಅಂದರೆ ಮಂಜು, ಮಬ್ಬು. ಸಂಸ್ಕೃತದಿಂದ ನಮಗೆ ಬಂದ ‘ನಭ’ ಅದರ ದೂರದ ನೆಂಟ. ಔಷಧವನ್ನು ಸಣ್ಣ ಹನಿಗಳ ಮಂಜಾಗಿಸಿ ಉಸಿರಿನೊಳಗೆ ಕಳಿಸುವ ನೆಬ್ಯುಲೈಸರ್ ಕೂಡ ಇದೇ ಬಳಗದ್ದು. ಮಂಜು ಕಣ್ಣಿಗೆ ಕಾಣುತ್ತದೆ. ಆದರೆ ಅದು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ, ಅಲ್ವಾ? ವಿಷಯ ಇದೆ, ಅದಕ್ಕೆ ಅಂಚಿಲ್ಲ ಎನ್ನುವಾಗ ‘ನೆಬ್ಯುಲಸ್’ ಬರುತ್ತದೆ. ‘ಇನ್ನೂ ರೂಪ ಪಡೆಯದ’ ಎಂಬ ಅರ್ಥ ನನಗೆ ಜಾಸ್ತಿ ಒಪ್ಪಿಗೆ.

ಖಗೋಳಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ಕಥೆಯಿದೆ. ದೂರದರ್ಶಕದಲ್ಲಿ ಮಸುಕಾಗಿ, ಮೋಡದ ತುಣುಕಿನಂತೆ ಕಂಡದ್ದನ್ನೆಲ್ಲ ಹಿಂದೆ ‘ನೆಬ್ಯುಲಾ’ ಎನ್ನುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ನೀಹಾರಿಕೆ ಎನ್ನುತ್ತೇವೆ. ‘ನೀಹಾರ’ ಎಂದರೂ ಮಂಜೇ. ಆಂಡ್ರೊಮಿಡಾ ಗ್ಯಾಲಕ್ಸಿಗೂ ಆಗ ಅದೇ ಹೆಸರಿತ್ತು. 1920ರ ದಶಕದಲ್ಲಿ ಖಗೋಳಶಾಸ್ತ್ರಜ್ಞ ಎಡ್ವಿನ್ ಹಬಲ್ ಅದರೊಳಗೆ ಬೆಳಕು ಏರಿಳಿಯುವ ಬಿಡಿ ನಕ್ಷತ್ರಗಳನ್ನು ಗುರುತಿಸಿದರು. ಅವುಗಳಿಂದ ದೂರ ಲೆಕ್ಕ ಹಾಕಿ, ಅದು ನಮ್ಮ ಹಾಲುಹಾದಿಯ ಆಚೆ ಇರುವ ಬೇರೆಯೇ ಗ್ಯಾಲಕ್ಸಿ ಎಂದು ತೋರಿಸಿದರು.

ಇನ್ನು ಉಳಿದ ಎರಡು. ‘ಸೀತಾ ಗೀತಾಗೆ ಅವಳ ಪುಸ್ತಕ ಕೊಟ್ಟಳು’ ಎಂಬ ವಾಕ್ಯ ಆಂಬಿಗ್ಯುಯಸ್. ಪುಸ್ತಕ ಸೀತಾಳದ್ದೂ ಇರಬಹುದು, ಗೀತಾಳದ್ದೂ ಇರಬಹುದು. ಎರಡು ಅರ್ಥಗಳೂ ತಿಳಿಯಾಗಿವೆ, ಯಾವುದೆಂದು ಮಾತ್ರ ಗೊತ್ತಾಗುವುದಿಲ್ಲ. ‘ಆದಷ್ಟು ಬೇಗ ಕಳಿಸ್ತೀನಿ’ ಎಂಬುದು ವೇಗ್. ಕಳಿಸುವುದು ಖಚಿತ, ಯಾವಾಗ ಎಂಬುದು ಸಡಿಲ. ‘ಗ್ರಾಹಕರ ಅನುಭವವನ್ನು ಉತ್ತಮಪಡಿಸುತ್ತೇವೆ’ ಎಂದಷ್ಟೇ ಬರೆದ ಯೋಜನೆ ನೆಬ್ಯುಲಸ್. ಯಾವ ಗ್ರಾಹಕರು? ಯಾವ ಅನುಭವ? ಹಿಡಿಯಲು ಏನೂ ಸಿಗುವುದಿಲ್ಲ.

ಐಡಿಯಾ, ಪ್ಲಾನ್, ಕಾನ್ಸೆಪ್ಟ್, ಕಾರಣ ಹೇಳಲಾಗದ ಭಯ, ಇಂಥವುಗಳ ಜೊತೆ ಈ ಪದ ಚೆನ್ನಾಗಿ ಹೊಂದುತ್ತದೆ. ಮಸುಕಾದ ಫೋಟೊಗೆ ‘ಬ್ಲರ್ಡ್’ ಎನ್ನಿ, ಓದಲಾಗದ ಕೈಬರಹಕ್ಕೆ ‘ಇಲ್ಲೆಜಿಬಲ್’. ಉಚ್ಚರಿಸುವಾಗ ಒತ್ತು ಮೊದಲ ‘ನೆ’ ಮೇಲೆ.

ನಿಮ್ಮ ಅಧಿಕಾರಿ ನಿಮ್ಮ ಇಂಗ್ಲಿಷನ್ನು ಟೀಕಿಸಿಲ್ಲ. ವಾಕ್ಯಗಳನ್ನು ತಿದ್ದುತ್ತಾ ಕೂರಬೇಡಿ. ಕೆಲಸ ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ, ಅದರಲ್ಲಿ ಏನೇನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಬರೆಯಿರಿ. ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನೀವು ಅದರಿಂದಲೇ ಶುರು ಮಾಡಿ.