ಇಪಬ್ ಎಡಿಟರ್‌ಗೆ ಬಂದ ಬೇಡಿಕೆಗಳಲ್ಲಿ ಯಾವುದನ್ನು ಮೊದಲು ಮಾಡೋದು?

ಮೂವರು ಗೆಳೆಯರು ಬಿಡುವಿನಲ್ಲಿ ಇಪಬ್ (ಇ-ಪುಸ್ತಕದ ಫೈಲ್ ನಮೂನೆ) ಎಡಿಟರ್ ಬರೀತಿದ್ದೀರಿ, ವೋಟಿಗೆ ಹಾಕಿದ್ರೆ ವರ್ಡ್ ಥರದ ಎಡಿಟಿಂಗೂ ಡಾರ್ಕ್ ಮೋಡೂ ಗೆಲ್ತಿವೆ, ಅದೇ ಪ್ರಕಾರ ಹೋಗೋದಾ ಅಂತ ಕೇಳಿದ್ದೀರಿ.

ಬೇಡ. ನಾನು ಪ್ರೋಗ್ರಾಮರ್ ಅಲ್ಲ, ಕನ್ನಡ ಪುಸ್ತಕಗಳನ್ನು ಇಪಬ್ ಮಾಡಿಕೊಡೋನು. ನನ್ನ ಲೆಕ್ಕದಲ್ಲಿ ಮೊದಲ ಸಾಲು ಒಂದೇ: ಫೈಲ್ ತೆರೆದು, ಏನೂ ಮುಟ್ಟದೆ ಸೇವ್ ಮಾಡಿದರೆ ಒಳಗಿನ ಪಠ್ಯ ಒಂದಕ್ಷರವೂ ಬದಲಾಗಬಾರದು. ಇದಕ್ಕೆ ಯಾರೂ ವೋಟ್ ಹಾಕಲ್ಲ. ಕೆಟ್ಟಾಗ ಮಾತ್ರ ಎಲ್ಲರೂ ಬಯ್ತಾರೆ.

ಒಂದು ಉದಾಹರಣೆ ಕೊಡ್ತೀನಿ. ‘ಸಾಫ್ಟ್‌ವೇರ್‌ನಲ್ಲಿ’ ಅನ್ನೋ ಪದದಲ್ಲಿ ಕಣ್ಣಿಗೆ ಕಾಣದ ಎರಡು ಯೂನಿಕೋಡ್ ಚಿಹ್ನೆಗಳಿವೆ. ಕೋಡ್ ‘ಕ್ಲೀನ್’ ಮಾಡ್ತೀನಿ ಅಂತ ಹೊರಟ ಎಡಿಟರ್ ಅವನ್ನು ಕಸ ಅಂದುಕೊಂಡು ತೆಗೆದರೆ ‘ಸಾಫ್ಟ್ವೇರ್ನಲ್ಲಿ’ ಆಗುತ್ತೆ. ಮುನ್ನೂರು ಪುಟದ ಪುಸ್ತಕದಲ್ಲಿ ಇಂಥದ್ದನ್ನು ಹುಡುಕಿ ಸರಿಮಾಡೋರು ಯಾರು? ಇಪಬ್ ಫೈಲ್ ನಿಯಮದ ಪ್ರಕಾರ ಇದೆಯಾ ಅಂತ ನೋಡೋ ಎಪಬ್‌ಚೆಕ್ ಕೂಡ ಇದನ್ನು ಹಿಡಿಯಲ್ಲ, ಅದರ ಕಣ್ಣಿಗೆ ಎರಡೂ ಸರಿಯೇ.

ಎರಡನೆಯದು ಹುಡುಕಾಟ. ‘ಕೋಟೆ’ಯ ಓತ್ವವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ, ಊ ಸ್ವರಚಿಹ್ನೆ, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಒಂದು ಸಿಗುತ್ತೆ, ಇನ್ನೊಂದು ತಪ್ಪಿಸಿಕೊಳ್ಳುತ್ತೆ. ಹೋಲಿಸುವಾಗ ಒಳಗೊಳಗೇ ಎರಡನ್ನೂ ಒಂದೇ ರೂಪಕ್ಕೆ ತನ್ನಿ, ಬಳಕೆದಾರ ಹೇಳದೆ ಫೈಲಿಗೆ ಮಾತ್ರ ಕೈಹಾಕಬೇಡಿ. ದಿನವಿಡೀ ಫೈಂಡ್-ರಿಪ್ಲೇಸ್‌ನಲ್ಲೇ ಇರೋ ನಮ್ಮಂಥವರಿಗೆ ಡಾರ್ಕ್ ಮೋಡ್‌ಗಿಂತ ಇದು ದೊಡ್ಡದು. (ಡಾರ್ಕ್ ಮೋಡ್‌ಗೆ ಯಾರಾದ್ರೂ ಕೋಡ್ ಬರೆದು ಕಳಿಸಿದರೆ ಬೇಡ ಅನ್ನಬೇಡಿ, ಅಷ್ಟೇ.)

ಇನ್ನು ವರ್ಡ್ ಥರದ ಎಡಿಟಿಂಗ್, ಅಂದ್ರೆ ಕೋಡ್ ನೋಡದೆ ಪುಟದ ಮೇಲೇ ತಿದ್ದೋದು. ಸಿಜಿಲ್ ಅನ್ನೋ ಇಪಬ್ ಎಡಿಟರ್‌ನ ಕಥೆ ನೋಡಿ. 2009ರಲ್ಲಿ ಶುರುವಾದ ಆ ಪ್ರೋಗ್ರಾಂನಲ್ಲಿ ಬುಕ್ ವ್ಯೂ ಅಂತ ಇದೇ ಸೌಲಭ್ಯ ಇತ್ತು, ಜನ ಮೆಚ್ಚಿದ್ದರು. ಆದರೆ 1.0 ಬರುವ ಹೊತ್ತಿಗೆ ಅದನ್ನು ತೆಗೆದು, ಬೇಕಾದವರಿಗೆ ಪೇಜ್‌ಎಡಿಟ್ ಅನ್ನೋ ಬೇರೆ ಪ್ರೋಗ್ರಾಂ ಕೊಟ್ಟರು. ಬುಕ್ ವ್ಯೂ ನಿಂತಿದ್ದ ವೆಬ್‌ಕಿಟ್ (ಪುಟವನ್ನು ತೆರೆಯ ಮೇಲೆ ಮೂಡಿಸೋ ಎಂಜಿನ್) ಹಳತಾಗಿತ್ತು, ಹೊಸ ಎಂಜಿನ್ ಆ ಥರದ ಎಡಿಟಿಂಗ್‌ಗೆ ಸುಲಭವಾಗಿ ಒಗ್ಗಲಿಲ್ಲ. ಕ್ಯಾಲಿಬರ್ ಅನ್ನೋ ಇ-ಪುಸ್ತಕ ಪ್ರೋಗ್ರಾಂನ ಎಡಿಟರ್ ಕೂಡ ಕೋಡನ್ನೇ ಮುಂದಿಟ್ಟು ಪಕ್ಕದಲ್ಲಿ ಪ್ರಿವ್ಯೂ ತೋರಿಸುತ್ತೆ. ವರ್ಷಗಟ್ಟಲೆ ಇದರಲ್ಲೇ ಪಳಗಿದ ಎರಡೂ ತಂಡ ಹೀಗಿರುವಾಗ ಮೂವರು ಭಾನುವಾರಗಳಲ್ಲಿ ಮಾಡಿ ಮುಗಿಸೋ ಕೆಲಸ ಅಲ್ಲ ಅದು. ಒಳ್ಳೆ ಪ್ರಿವ್ಯೂ ಕೊಡಿ, ಸಾಕು.

ಪ್ಲಗಿನ್ (ಬೇಕಾದವರು ಸೇರಿಸಿಕೊಳ್ಳೋ ಪುಟ್ಟ ಪ್ರೋಗ್ರಾಂ) ವ್ಯವಸ್ಥೆಯನ್ನು ಮಾತ್ರ ಬೇಗ ತನ್ನಿ. ಸಿಜಿಲ್‌ನಲ್ಲಿ ಪೈಥಾನ್‌ನಲ್ಲೇ ಪ್ಲಗಿನ್ ಬರೆದುಕೊಳ್ಳಬಹುದು. ನುಡಿ ತಂತ್ರಾಂಶದ ಹಳೇ, ಯೂನಿಕೋಡ್ ಅಲ್ಲದ ಫೈಲನ್ನು ಯೂನಿಕೋಡ್ ಮಾಡೋದು ನನಗೆ ಬೇಕು, ಜರ್ಮನಿಯವನಿಗೆ ಬೇಡ. ಅಂಥದ್ದನ್ನೆಲ್ಲ ಆ ಬಾಗಿಲಿನಿಂದ ಕಳಿಸಿ.

ಉಳಿದ ಬೇಡಿಕೆಗಳಿಗೆ ವೋಟ್ ಬದಲು ಫೈಲ್ ಕೇಳಿ: ‘ಯಾವ ಪುಸ್ತಕದಲ್ಲಿ, ಯಾವ ಅಧ್ಯಾಯದಲ್ಲಿ ಸಿಕ್ಕಿಕೊಂಡ್ರಿ, ಕಳಿಸಿ.’ ಅರ್ಧ ಜನ ಕಳಿಸಲ್ಲ. ಕಳಿಸಿದವರದ್ದನ್ನು ಮೊದಲು ಎತ್ತಿಕೊಳ್ಳಿ, ಆ ಫೈಲನ್ನು ನಿಮ್ಮ ಟೆಸ್ಟ್ ಫೋಲ್ಡರ್‌ಗೂ ಹಾಕಿಕೊಳ್ಳಿ.