ಆ ಪ್ಯಾರಾ ನಾನು ಮುಟ್ಟುವುದಿಲ್ಲ

ಸೇಡಂ ಕಡೆಯ ತಾಂಡಾದ ತಂಗಿಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ಬರೆದ ಪತ್ರ ಮುಟ್ಟಿತು. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಕೆನಡಾದ ಮರಿಯಾ ಕ್ಯಾಂಪ್‌ಬೆಲ್ 1973ರಲ್ಲಿ ಪ್ರಕಟಿಸಿದ ಆತ್ಮಕಥೆ ‘ಹಾಫ್‌ಬ್ರೀಡ್’ ಓದಿ ನಿದ್ದೆ ಬರಲಿಲ್ಲ ಎಂದು ಶುರು ಮಾಡಿ, ಕೊನೆಗೆ ಎರಡು ಮಾತು ಬರೆದಿದ್ದೀರಿ. ಪುಸ್ತಕದ ಬಗ್ಗೆ ಬರೆಯಲು ಕೂತು ನನ್ನ ಕಥೆಯನ್ನೇ ಬರೆದೆ, ತಪ್ಪಾ ಅನ್ನುವುದು ಒಂದು. ಯಾಡಿಯ, ಅಂದರೆ ನಿಮ್ಮ ಅವ್ವನ, ಬಗ್ಗೆ ಬರೆದ ಪ್ಯಾರಾ ಜಾಸ್ತಿ ಅನಿಸಿದರೆ ನಿಮಗೆ ಸರಿ ಕಂಡಂತೆ ತೆಗೆದುಬಿಡಿ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ, ತಪ್ಪೇನೂ ಇಲ್ಲ. ಇಂಥ ಪುಸ್ತಕ ಓದಿದವರು ‘ಎಂಥ ಧೈರ್ಯ, ಎಂಥ ನೋವು’ ಅಂತ ಬರೆದು ಕಳಿಸುತ್ತಾರೆ, ನಮ್ಮ ಟೇಬಲ್ ಮೇಲೆ ಅಂಥವು ಬೇಕಾದಷ್ಟು ಬಿದ್ದಿವೆ. ನೀವು ಹಾಗೆ ಮಾಡದೆ ಊಟದ ಡಬ್ಬಿ ಹಿಡಿದಿರಿ. ಶಾಲೆಯಲ್ಲಿ ಬಿಳಿಯರ ಮಕ್ಕಳು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೇಬು, ಕೇಕು ತಿನ್ನುತ್ತಿದ್ದರೆ ಮರಿಯಾ ಮತ್ತು ಅವಳ ಜೊತೆಯವರು ಕೊಬ್ಬು ಸವರಿದ ದಪ್ಪ ರೊಟ್ಟಿಯಲ್ಲಿ ಕಾಡುಮಾಂಸ ಇಟ್ಟುಕೊಂಡು ಹೋಗುತ್ತಿದ್ದರು, ಅದೂ ಇಲ್ಲದ ದಿನ ತಣ್ಣಗಾದ ಆಲೂಗಡ್ಡೆ, ಇಲ್ಲವೇ ಸುಟ್ಟ ನೆಲ ಅಳಿಲು. ಮಕ್ಕಳು ಆಡಿಕೊಂಡು ನಗುತ್ತಿದ್ದರು. ಇದನ್ನು ಓದಿದ್ದೇ ನಿಮಗೆ ಮನೆಯಲ್ಲಿ ಸಳೋಯಿ (ಕುರಿ-ಮೇಕೆಯ ರಕ್ತ, ಮಾಂಸ ಹಾಕಿ ಮಾಡುವ ಲಂಬಾಣಿ ಅಡುಗೆ) ಮಾಡಿದ ಮರುದಿನ ಹಾಸ್ಟೆಲ್‌ಗೆ ತಂದ ಡಬ್ಬಿಯನ್ನು ಗೋಡೆ ಕಡೆ ತಿರುಗಿ ಕೂತು, ಅರ್ಧ ಮುಚ್ಚಳ ತೆಗೆದು ತಿಂದದ್ದು ನೆನಪಾಯಿತು. ಆ ಅರ್ಧ ಮುಚ್ಚಳದ ಸಾಲು ಪತ್ರಿಕೆಯಲ್ಲಿ ಬರಲೇಬೇಕು.

ಆದರೆ ‘ಅವರದೂ ನಮ್ಮದೂ ಒಂದೇ ಕಥೆ’ ಅಂದಿದ್ದನ್ನು ನಾನು ಒಪ್ಪುವುದಿಲ್ಲ. ಮರಿಯಾಳ ಮೆಟಿ ಜನ, ಅಂದರೆ ಕೆನಡಾದ ಮೂಲನಿವಾಸಿಗಳ ಮತ್ತು ಯುರೋಪಿಯನ್ನರ ಮಿಶ್ರ ಸಂತತಿ, 1885ರಲ್ಲಿ ಅಲ್ಲಿನ ಬಟೋಶ್ ಎಂಬ ಊರಿನಲ್ಲಿ ಸರ್ಕಾರದ ಸೈನ್ಯದ ಎದುರು ನಿಂತು ಸೋತವರು, ಅದೇ ವರ್ಷ ನವೆಂಬರ್‌ನಲ್ಲಿ ಅವರ ನಾಯಕ ಲೂಯಿ ರಿಯೆಲ್‌ನನ್ನು ಗಲ್ಲಿಗೇರಿಸಿದರು. ಆಮೇಲೆ ಭೂಮಿ ಕೊಡುವಾಗಲೂ ಮೂರು ವರ್ಷದಲ್ಲಿ ಹತ್ತು ಎಕರೆ ಹಸನು ಮಾಡಬೇಕು, ಇಲ್ಲದಿದ್ದರೆ ವಾಪಸ್. ಎತ್ತು ಇಲ್ಲ, ದುಡ್ಡು ಇಲ್ಲ, ಎಲ್ಲಿಂದ ಆಗಬೇಕು? ಕೊನೆಗೆ ರಸ್ತೆಗೆಂದು ಬಿಟ್ಟ ಸರ್ಕಾರಿ ಜಾಗದಲ್ಲೇ ಗುಡಿಸಲು ಹಾಕಿಕೊಂಡರು. ಇದಕ್ಕೆ ನಮ್ಮಲ್ಲಿ ಜೋಡಿ ಹುಡುಕಬೇಡಿ. ಸಾಮ್ಯ ಇರುವುದು ಒಂದು ಕಡೆ, ಅದನ್ನು ನೀವೇ ಬರೆದಿದ್ದೀರಿ: ಮನೆ ನಮ್ಮದು, ಮನೆ ಕೆಳಗಿನ ಜಾಗ ಕಾಗದದಲ್ಲಿ ನಮ್ಮದಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಬಂದು ತಾಂಡಾಗಳಿಗೆ ಹಕ್ಕುಪತ್ರ ಹಂಚಿದಾಗ ನಿಮ್ಮ ಮನೆಗೂ ಒಂದು ಬಂತು, ಯಾಡಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಡಬ್ಬದೊಳಗೆ ಇಟ್ಟಳು ಅಂದಿರಲ್ಲ, ಅಲ್ಲಿಂದ ಲೇಖನ ಬೆಳೆಸಿ. ಹೋಲಿಕೆ ತಾನಾಗಿ ಬರುತ್ತದೆ.

ಇನ್ನು ಆ ಪ್ಯಾರಾ. ಅದರಲ್ಲಿ ಏನಿದೆ ಅಂತ ಇಲ್ಲಿ ಹೇಳುವುದಿಲ್ಲ. ‘ಹಾಫ್‌ಬ್ರೀಡ್’ನಲ್ಲಿ ನೀವು ಓದಿದ್ದು ಹಳೆಯ ಪ್ರತಿ ಅನಿಸುತ್ತದೆ, ಯಾಕೆಂದರೆ ಹದಿನಾಲ್ಕನೇ ವಯಸ್ಸಿನಲ್ಲಿ ಪೊಲೀಸನೊಬ್ಬ ಮರಿಯಾಳ ಮನೆಯಲ್ಲೇ ಅವಳ ಮೇಲೆ ಮಾಡಿದ ಅತ್ಯಾಚಾರದ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅವಳು ಅದನ್ನು ಬರೆದಿದ್ದಳು, ಇರಲೇಬೇಕು ಅಂದಿದ್ದಳು. ಪ್ರಕಾಶಕರು ಕೋರ್ಟು ಕಚೇರಿಗೆ ಹೆದರಿ ಅವಳಿಗೆ ಹೇಳದೆ ಕಿತ್ತುಹಾಕಿದರು. ಆ ಪುಟಗಳು ಒಂದು ವಿಶ್ವವಿದ್ಯಾಲಯದ ಕಡತಗಳಲ್ಲಿ 2018ರಲ್ಲಿ ಸಿಕ್ಕವು, 2019ರ ಆವೃತ್ತಿಯಲ್ಲಿ ಸೇರಿದವು. ಅಷ್ಟು ವರ್ಷ ಓದಿದವರಿಗೆಲ್ಲ ಅರ್ಧ ಪುಸ್ತಕವೇ ಸಿಕ್ಕಿದ್ದು. ಸಾಧ್ಯವಾದರೆ ಹೊಸದನ್ನು ತರಿಸಿ ಓದಿ.

ಹಾಗಾಗಿ ‘ನಿಮಗೆ ಸರಿ ಕಂಡಂತೆ’ ಅನ್ನುವ ಅಧಿಕಾರ ನನಗೆ ಬೇಡ ತಂಗಿ. ನಿಮ್ಮ ಬರಹದಲ್ಲಿ ಕಾಗುಣಿತ ತಿದ್ದುತ್ತೇನೆ, ಎರಡು ಸಲ ಹೇಳಿದ್ದನ್ನು ಒಂದು ಸಲ ಮಾಡುತ್ತೇನೆ, ಅಷ್ಟೇ. ಆ ಪ್ಯಾರಾ ನಿಮ್ಮದೂ ಪೂರ್ತಿ ಅಲ್ಲ, ಯಾಡಿಯದು. ಅವರಿಗೆ ಕನ್ನಡ ಓದಲು ಬರುವುದಿಲ್ಲ ಅಂದಿದ್ದೀರಿ, ಹಾಗಾದರೆ ಲಂಬಾಣಿಯಲ್ಲೇ ಹೇಳಿ. ಅಣ್ಣಂದಿರ ಮುಂದೆ ಕೇಳಬೇಡಿ, ಇಬ್ಬರೇ ಇದ್ದಾಗ ಕೇಳಿ. ಬೇಡ ಅಂದರೆ ನೀವೇ ಹೊಡೆದುಹಾಕಿ ಕಳಿಸಿ, ಡಬ್ಬಿಯೂ ಹಕ್ಕುಪತ್ರವೂ ಇದ್ದರೆ ಲೇಖನಕ್ಕೆ ಏನೂ ಕೊರತೆ ಆಗುವುದಿಲ್ಲ. ಇರಲಿ ಅಂದರೆ ಒಂದು ಅಕ್ಷರ ಬದಲಿಸದೆ ಹಾಕುತ್ತೇನೆ. ಯಾಡಿ ಈಗ ಗುಳೆ ಹೋಗಿದ್ದರೆ ಬರುವವರೆಗೆ ಕಾಯೋಣ, ಫೋನಿನಲ್ಲಿ ಕೇಳುವ ಮಾತಲ್ಲ ಇದು.